ತುರುಬಿಗೆ ಜಾಗವಿಟ್ಟ ಕಿರೀಟ

ಚಿಕ್ಕವ್ವಾ,

ಕೊಳಾಲದಿಂದ ಟ್ರಂಕು ನಿನ್ನೆ ವಾಪಸ್ ಬಂತು. ಆಟೋದವನು ಬಾಗಿಲ ಹತ್ತಿರ ಇಳಿಸಿ, "ಯಮ್ಮಾ, ಇದ್ರಾಗೆ ಕಲ್ಲು ತುಂಬಿದ್ದೀರಾ?" ಅಂದ. ನೀನಿದ್ದಿದ್ದರೆ "ರಾಜರ ತಲೆ ಅವೆ ಕಣಪ್ಪ, ಮೆಲ್ಲಗಿಡು" ಅನ್ನುತ್ತಿದ್ದೆ. ನಾನು ಸುಮ್ಮನೆ ನಕ್ಕೆ. ಟ್ರಂಕು ಇನ್ನೂ ತೆಗೆದಿಲ್ಲ. ತೆಗೆಯುವ ಮೊದಲು ನಿನಗೆ ಬರೆಯಬೇಕು ಅನ್ನಿಸಿತು. ದಿನಾ ಡೈರಿಯಲ್ಲಿ ಎರಡು ಸಾಲು ಗೀಚುವವಳನ್ನು ನೋಡಿ, "ಏನೇ ಪಾರಿ, ಯಾರಿಗೆ ಕಾಗದ ಬರೀತೀಯ ದಿನಾ?" ಅಂತ ಕೇಳುತ್ತಿದ್ದೆಯಲ್ಲ, ಇವತ್ತು ನಿಜವಾಗಿಯೂ ಕಾಗದವೇ. ನೀನು ಹೋದಾಗ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ಕೊಳಾಲದ ಹೆಂಗಸರ ನಾಟಕದಲ್ಲಿ ನೀನು ರಾಜಪಾರ್ಟು ಮಾಡಬೇಕಿತ್ತು, ಅದೂ ನಿನ್ನ ಶ್ರುತಿಯಲ್ಲಿ. ಅದು ಏನಾಯಿತು ಅಂತ ಹೇಳಬೇಕು. ಆದರೆ ಮೊದಲಿಂದ ಹೇಳಿಕೊಂಡು ಬಂದರೇ ನನಗೆ ಸಮಾಧಾನ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಕರೆದೊಯ್ಯಲು ನೀನು ಬುಕ್ಕಾಪಟ್ಟಣದ ಹತ್ತಿರದ ನಮ್ಮ ಹಟ್ಟಿಗೆ ಬಂದ ದಿನ ನೆನಪಿದೆ. ಕುರಿಗಳು ಇನ್ನೂ ಮೇಯಲು ಹೊರಟಿರಲಿಲ್ಲ. ಮಾವಂದಿರು ಕುರಿ ದೊಡ್ಡಿಯ ಬೇಲಿಗೆ ಒರಗಿಕೊಂಡು ನಿಂತಿದ್ದರು, ನಿನ್ನನ್ನು ಒಳಗೆ ಕರೆಯಲಿಲ್ಲ. "ಡ್ರಾಮದೋಳ ಮನೇಗೆ ಮಗೀನ ಕಳಿಸ್ತೀಯೇನವ್ವಾ?" ಅಂತ ದೊಡ್ಡ ಮಾವ ಅಜ್ಜಿಯನ್ನು ಕೇಳಿದ. ಅಜ್ಜಿ ಒಳಗೆ ಹೋಗಿ ತನ್ನ ಕರಿ ಕಂಬಳಿಯನ್ನು ಮಡಿಸಿ ತಂದು ನಿನ್ನ ಹೆಗಲಿಗೆ ಹಾಕಿದಳು. "ಹೋದ ಊರಾಗೆ ಯಾರ ಚಾಪೇನೂ ಕೇಳಬ್ಯಾಡ ಕಣೇ" ಅಂದಳು. ಬಸ್ಸಿನಲ್ಲಿ ನಾನು ಆ ಕಂಬಳಿಯೊಳಗೆ ಮುಖ ಇಟ್ಟುಕೊಂಡು ಮಧುಗಿರಿಯವರೆಗೂ ಮಲಗಿದ್ದೆ. ಆಮೇಲೆ ಹಟ್ಟಿಯವರು ನಾಟಕ ಆಡಿಸಿದಾಗಲೆಲ್ಲ ಸ್ತ್ರೀಪಾರ್ಟಿಗೆ ಯಾವ್ಯಾವುದೋ ಊರಿನವರನ್ನು ಕರೆಸಿದರು. ನಿನ್ನನ್ನು ಮಾತ್ರ ಒಂದು ಸಲವೂ ಕರೆಯಲಿಲ್ಲ. ನೀನು ಅದರ ಮಾತೇ ಎತ್ತಲಿಲ್ಲ. ಎತ್ತದೇ ಇದ್ದುದರಿಂದಲೇ ನನಗೆ ಗೊತ್ತಾಗುತ್ತಿತ್ತು…

ನೀನು ನಾಟಕಕ್ಕೆ ಸೇರಿದ ಕಥೆಯನ್ನು ನಿನ್ನ ಬಾಯಿಂದ ಕೇಳುವುದೇ ಚೆಂದ. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ಮೇಲೆ ನೀನು ಮಧುಗಿರಿಗೆ ಬಂದು ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವ ಕೂಲಿಗೆ ಸೇರಿದ್ದೆ. ಮಂಡಿಯ ಎದುರಿನ ಕೋಣೆಯಲ್ಲಿ ಪಾವಗಡದ ನರಸಿಂಹಪ್ಪ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ಊರಿನ ಗಂಡಸರಿಗೆ ನಾಟಕ ಕಲಿಸುತ್ತಿದ್ದರು. ಒಂದು ಮಧ್ಯಾಹ್ನ ನೀನು ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೀದಾ ಒಳಗೆ ಹೋಗಿ, "ನನಗೂ ಒಂದು ಪಾರ್ಟು ಕೊಡ್ರಿ" ಅಂದೆಯಂತೆ. ಮೇಷ್ಟ್ರು ಬೆಚ್ಚಿಬಿದ್ದು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಏಮಮ್ಮಾ, ಸ್ತ್ರೀಪಾರ್ಟಿಗೆ ಬೇರೆ ಊರಿಂದ ಬರ್ತಾರಮ್ಮಾ, ಊರೋರು ಮಾಡಲ್ಲ" ಅಂದರಂತೆ. ನೀನು ಹೇಳಿದ್ದು ಒಂದೇ ಮಾತು: "ನಾನೂ ಬೇರೆ ಊರೋಳೇ." ಈ ಮಾತನ್ನು ಮೇಷ್ಟ್ರು ಈಗಲೂ ಹೇಳಿಕೊಂಡು ನಗುತ್ತಾರೆ. ನಕ್ಕು ಮುಗಿಸುವಾಗ ಕಣ್ಣು ಒರೆಸಿಕೊಳ್ಳುತ್ತಾರೆ.

ನನ್ನ ಶಾಲೆಗೆ ರಜೆ ಬಂದಾಗ ನಿನ್ನ ಜೊತೆ ಊರೂರಿಗೆ ಬರುತ್ತಿದ್ದೆ. ಊರಿನ ಗಂಡಸರು ತಿಂಗಳುಗಟ್ಟಲೆ ಕಲಿತಿರುತ್ತಿದ್ದರು, ನೀವು ಸ್ತ್ರೀಪಾರ್ಟಿನವರು ಹಿಂದಿನ ದಿನ ಹೋಗಿ ಒಂದು ಟ್ರಯಲ್ ನೋಡಿ ಸೇರಿಕೊಳ್ಳಬೇಕು. ನಮಗೆ ಶಾಲೆಯ ಕೋಣೆ ತೆರೆದುಕೊಡುತ್ತಿದ್ದರು. ಮಣೆ, ಚಾಪೆ ಕೇಳಿದರೆ ಮನೆಯೊಳಗಿಂದ ಗೊಣಗಾಟ ಕೇಳಿಸುತ್ತಿತ್ತು. ನೀನು ಕೇಳುತ್ತಲೇ ಇರಲಿಲ್ಲ. ಅಜ್ಜಿಯ ಕಂಬಳಿ ಹಾಸಿ, ಅದರ ಮೇಲೆ ಕನ್ನಡಿ ಇಟ್ಟು, ಬಣ್ಣದ ಡಬ್ಬಿ ಬಿಚ್ಚಿದರೆ ಅದೇ ನಮ್ಮ ಮನೆ. ಕಂಬಳಿ ಚುಚ್ಚುತ್ತದೆ ಅಂತ ನಾನು ಅತ್ತರೆ, "ಚುಚ್ಚಿದ್ರೆ ಎಚ್ಚರ ಇರ್ತದೆ, ಎಚ್ಚರ ಇದ್ದೋಳಿಗೆ ಮಾತು ಮರೆಯಲ್ಲ" ಅನ್ನುತ್ತಿದ್ದೆ. ಮರುದಿನ ಅದೇ ಊರಿನ ಹೆಂಗಸರು ನೀನು ಉಟ್ಟ ಸೀರೆಯ ಅಂಚನ್ನು ಮುಟ್ಟಿ ನೋಡಲು ಕಿಟಕಿಯ ಹತ್ತಿರ ನೂಕಾಡುತ್ತಿದ್ದರು. ಹಿಂದಿನ ದಿನ ಇವರೇ ಅಲ್ಲವೇ ಕದ ಹಾಕಿಕೊಂಡದ್ದು? ನಾನು ಕೇಳಿದರೆ ನೀನು ಬೈಯುತ್ತಿದ್ದೆ. "ಪಾಪ, ಅವುಕ್ಕೂ ಸ್ಟೇಜ್ ಹತ್ತಬೇಕು ಅಂತ ಇರ್ತದೆ ಕಣೇ."

ನಿನ್ನ ಗಂಟಲು ಊದಿಕೊಂಡು ಮನೆಗೆ ಬರುತ್ತಿದ್ದ ಬೆಳಗುಗಳು ಎಷ್ಟೋ. ಉಪ್ಪುನೀರು ಕಾಯಿಸಿಕೊಡುತ್ತಾ ನಾನೊಮ್ಮೆ ಕೇಳಿದೆ, ದಿನಾ ಹಾಡುವವರಿಗೂ ಯಾಕೆ ಹೀಗಾಗುತ್ತೆ ಅಂತ. ಆಗ ನೀನು ಮೇಷ್ಟ್ರ ಹಳೆಯ ಹಾರ್ಮೋನಿಯಂ ಮುಂದೆ ಕೂರಿಸಿ ತೋರಿಸಿದೆ. ಬೆರಳಿಟ್ಟು ಒತ್ತುವ ಪಟ್ಟಿಗಳನ್ನು ಎಡಗಡೆಯಿಂದ ಎಣಿಸಿದರೆ ಎರಡನೇ ಬಿಳಿ ಮನೆ, ಅದು ಗಂಡಸರ ಗಂಟಲಿಗೆ ಒಗ್ಗುವ ಶ್ರುತಿ. ಎಲ್ಲರೂ ಅದನ್ನು 'ಬಿಳಿ ಎರಡು' ಅನ್ನುತ್ತಾರೆ. ನಾಟಕ ಪೂರ್ತಿ ಅದರಲ್ಲೇ ನಡೆಯುತ್ತದೆ. ನಿನ್ನ ಗಂಟಲಿನದು ಐದನೇ ಬಿಳಿ ಮನೆ. "ಅವರ ಶ್ರುತೀಲಿ ಕೆಳಗೆ ಹಾಡಿದ್ರೆ ದನಿ ಬಾಯೊಳಗೇ ಉಳೀತದೆ. ಮೇಲೆ ಹಾಡಿದ್ರೆ ಕಿರುಚಿದಂಗಾಗ್ತದೆ. ಮಧ್ಯದಾಗೆ ಹೆಂಗೋ ಜಾಗ ಮಾಡ್ಕೊಂಡು ಹಾಡ್ಬುಟ್ಟು ಬರೋದು" ಅಂದೆ. ಊರಿನವರ ನಾಟಕ, ಊರಿನವರ ಶ್ರುತಿ, ಬಂದವಳು ಹೊಂದಿಕೊಳ್ಳಬೇಕು. ಯಾರೂ ಅದನ್ನು ಅನ್ಯಾಯ ಅಂದುಕೊಂಡಿರಲಿಲ್ಲ. ನೀನು ಅಂದುಕೊಂಡಿದ್ದೆಯಾ?

ಮಾಳಿಗೆಯ ಮೇಲೆ ಮಖಮಲ್ ಬಟ್ಟೆಗಳನ್ನು ಬಿಸಿಲಿಗೆ ಹರವುವಾಗ ಮಾತ್ರ ನೀನು ಬಿಳಿ ಐದರಲ್ಲಿ ಹಾಡುತ್ತಿದ್ದೆ. ಸ್ತ್ರೀಪಾರ್ಟಿನ ಹಾಡಲ್ಲ, ರಾಜಪಾರ್ಟಿನ ಹಾಡು. ಸೊಂಟಕ್ಕೆ ಸೆರಗು ಬಿಗಿದು, ಬಟ್ಟೆ ಬಡಿಯುವ ಕೋಲನ್ನೇ ಗದೆ ಮಾಡಿಕೊಂಡು, ಎದುರಿನ ಬೆಟ್ಟದ ಮೇಲಿನ ಕೋಟೆ ನಿನ್ನದೇ ಅನ್ನುವ ಹಾಗೆ ಕೈ ತೋರಿಸಿ. ಕೇಳುವವರು ಇದ್ದದ್ದು ನಾನು, ಪಕ್ಕದ ಮನೆಯ ಬೆಕ್ಕು. "ಇದನ್ನ ಸ್ಟೇಜ್ ಮೇಲೆ ಮಾಡು ಚಿಕ್ಕವ್ವ" ಅಂದರೆ, "ಅಲ್ಲಿ ನಾನು ಅಳಬೇಕು ಕಣೇ, ಸಿಟ್ಟು ಮಾಡೋದು ಗಂಡಸರ ಪಾರ್ಟು" ಅಂತ ಕೋಲು ಕೆಳಗಿಡುತ್ತಿದ್ದೆ.

ಪರದೆ, ವೇಷದ ಬಟ್ಟೆ ಬಾಡಿಗೆಗೆ ತರುವ ಸೀನರಿಯವರು ಕೊಡುತ್ತಿದ್ದ ಬೆವರು ವಾಸನೆಯ ರವಿಕೆಗಳಿಂದ ನಿನ್ನ ಬೆನ್ನೆಲ್ಲ ಗಾದರಿ ಎದ್ದಿತ್ತು. "ಇನ್ನು ನನ್ನ ಬಟ್ಟೆ ನಾನೇ ಹೊಲಿಸ್ಕೊಳ್ತೀನಿ" ಅಂದೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿಯುತ್ತಿದ್ದೆ. ನಿನಗೆ ಹೊಲಿದ ಮೊದಲನೆಯ ರಾಣಿಯ ಉಡುಪಿನ ತೋಳು ಒಂದು ಗಿಡ್ಡ, ಒಂದು ಉದ್ದ. ನೀನು ಅದನ್ನೇ ಹಾಕಿಕೊಂಡು ಸ್ಟೇಜ್ ಹತ್ತಿ, ಒಂದೇ ಕೈ ಎತ್ತಿ ಹಾಡಿ ಬಂದೆ. ಬೇರೆ ಊರುಗಳ ಸ್ತ್ರೀಪಾರ್ಟಿನವರು ಬಂದು ಬಟ್ಟೆ ಬಾಡಿಗೆಗೆ ಕೇಳತೊಡಗಿದರು. ಒಗೆದ, ಇಸ್ತ್ರಿ ಮಾಡಿದ ಬಟ್ಟೆ ಸಿಗುತ್ತದೆ ಅನ್ನುವುದಷ್ಟೇ ನಮ್ಮ ಹೆಸರು. ಒಂದು ಟ್ರಂಕು ಎರಡಾಯಿತು. ಮನೆಯ ಮುಂದಿನ ಕೋಣೆ ಅಂಗಡಿಯಾಯಿತು. ಬೋರ್ಡು ಬರೆಯುವವನು ಹೆಸರು ಕೇಳಿದಾಗ ಪಾಂಪ್ಲೆಟ್ಟಿನಲ್ಲಿ ಹಾಕುತ್ತಿದ್ದ 'ಮಧುಗಿರಿ ಕಮಲ' ಅನ್ನುವುದನ್ನು ನೀನು ಹೇಳಲಿಲ್ಲ. "ಕರಿಯಮ್ಮ ಅಂತ ಬರಿ. ಅಂಗಡಿ ನಂದು, ಕಮಲಂದಲ್ಲ" ಅಂದೆ.

ಹುಲಿಕುಂಟೆಯಲ್ಲಿ ಹೆಂಗಸರೇ ಸೇರಿ ಮೊದಲ ಸಲ ನಾಟಕ ಕಟ್ಟಿದಾಗ ನಾವಿಬ್ಬರೂ ಬಟ್ಟೆ ತೆಗೆದುಕೊಂಡು ಹೋಗಿದ್ದೆವು. ಕಿರೀಟಗಳು ಮಾತ್ರ ಬೇರೆಯವರ ಸೀನರಿಯಿಂದ ಬಂದಿದ್ದವು, ಗಂಡಸರ ತಲೆಗೆ ಮಾಡಿದವು. ರಾಜಪಾರ್ಟಿನ ಹೆಂಗಸು ಒಂದು ಸುತ್ತು ತಿರುಗಿದಳು ನೋಡು, ತುರುಬಿನ ಮೇಲೆ ಕೂತಿದ್ದ ಕಿರೀಟ ಜಾರಿ ಉರುಳಿಕೊಂಡು ತಬಲದವನ ಕಾಲ ಹತ್ತಿರ ಹೋಯಿತು. "ರಾಜನ ತಲೆ ಹೋಯ್ತು ಕಣ್ರಲಾ!" ಅಂತ ಯಾರೋ ಕೂಗಿದರು. ಆಮೇಲೆ ನಾಟಕ ಎಲ್ಲಿ ನಡೆಯಿತು? ಆ ಹೆಂಗಸು ಪರದೆಯ ಹಿಂದೆ ಕೂತು, ಮೀಸೆ ಕರಗಿ ಬಾಯಿಗೆ ಇಳಿಯುವ ಹಾಗೆ ಅತ್ತಳು. ಹೆಂಗಸರ ತಲೆಗೆ ಕಿರೀಟ ನಿಲ್ಲಲ್ಲ ಅನ್ನುವ ಮಾತು ಊರೂರಿಗೆ ಹರಡಿತು. ಅವಳಿಗಾಗಿ ನಾವು ಬೇಡಿ ತಂದಿದ್ದ ಆ ಕಿರೀಟವನ್ನು ನೀನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಶಿರಾ ದಾಟಿದ ಮೇಲೆ ಹೇಳಿದೆ, "ಪಾರಿ, ಇದರಾಗೆ ತುರುಬಿಗೆ ಜಾಗನೇ ಇಲ್ಲ ನೋಡೇ."

ಸಂತೆಯಲ್ಲಿ ನೀನು ಮಡಕೆ ಕೊಂಡದ್ದನ್ನು ನೆನೆಸಿಕೊಂಡರೆ ಇವತ್ತೂ ನಗು ಬರುತ್ತದೆ. ಶಿರಾದ ಬಾಬಾಜಾನ್ ಸಾಬರು ಬೋರಲು ಹಾಕಿದ ಮಡಕೆಯ ಮೇಲೆ ಅಚ್ಚು ಕಟ್ಟಿ ಕಿರೀಟ ಮಾಡುವವರು, ಅವರ ಹತ್ತಿರ ಇದ್ದವೆಲ್ಲ ದೊಡ್ಡ ಮಡಕೆ. ಹೆಂಗಸರ ತಲೆಯ ಅಳತೆಯದು ಬೇಕು ಅಂದಾಗ, "ಅರೆ, ಅಂಥಾ ಮಡಕೆ ನೀವೇ ತನ್ನಿ ಅಮ್ಮಾ" ಅಂದರು. ನೀನು ಸಂತೆಯಲ್ಲಿ ಕುಂಬಾರರ ಮುಂದೆ ನಿಂತು ಒಂದೊಂದೇ ಮಡಕೆಯನ್ನು ತಲೆಗೆ ಬೋರಲು ಹಾಕಿ ನೋಡತೊಡಗಿದೆ. ಜನ ಗುಂಪುಗೂಡಿದರು. "ಇವಮ್ಮಂಗೆ ಏನಾಗೈತೆ?" ಅಂತ ಒಬ್ಬ ಕೇಳಿದರೆ, ಮಡಕೆಯೊಳಗಿಂದಲೇ, "ತಲೆಗೆ ಸರಿಯಾದ ಮನೆ ಹುಡುಕ್ತಾ ಇವ್ನಿ ಕಣಪ್ಪಾ" ಅಂದೆ. ನಾನು ನಾಚಿಕೆಯಿಂದ ಕುಂಬಳಕಾಯಿಯವನ ಹಿಂದೆ ನಿಂತಿದ್ದೆ. ಆಮೇಲೆ ಆ ಮಡಕೆಯ ಹಿಂಭಾಗಕ್ಕೆ ಒಂದು ತೆಂಗಿನಕಾಯಿ ಚಿಪ್ಪು ಅಂಟಿಸಿ ತುರುಬಿನ ಜಾಗ ಮಾಡಿಸಿದೆ. ಬಾಬಾಜಾನ್ ಸಾಬರು ತಲೆ ಚಚ್ಚಿಕೊಂಡರು. "ಯಾ ಅಲ್ಲಾ, ಇಷ್ಟು ವರ್ಷ ರಾಜಂಗೆ ಕಿರೀಟ ಮಾಡ್ದೆ, ಈಗ ಜಡೆಗೆ ಮಾಡ್ಸ್ತೀರಲ್ಲ!" ಬೈದುಕೊಂಡೇ ಬಲು ಚೆಂದ ಮಾಡಿಕೊಟ್ಟರು.

ಆ ತುರುಬಿನ ಕಿರೀಟಗಳೇ ನಿನ್ನನ್ನು ನಾಲ್ಕು ತಾಲ್ಲೂಕಿಗೆ ಪರಿಚಯ ಮಾಡಿಸಿದವು. ಪಾವಗಡದಿಂದ, ಶಿರಾದಿಂದ, ಕೊರಟಗೆರೆಯ ಹಳ್ಳಿಗಳಿಂದ ಹೆಂಗಸರು ಬಂದು ನಮ್ಮ ಕನ್ನಡಿಯ ಮುಂದೆ ನಿಂತು ತಲೆ ಕೊಡವಿ ಕೊಡವಿ ಪರೀಕ್ಷೆ ಮಾಡುತ್ತಿದ್ದರು. ಬೀಳುತ್ತಿರಲಿಲ್ಲ. ನೀನು ಗಲ್ಲಕ್ಕೆ ಕೈ ಹಚ್ಚಿಕೊಂಡು ನೋಡುತ್ತಿದ್ದೆ. ಆದರೆ ಹಾರ್ಮೋನಿಯಂ ಮಾತ್ರ ಅದೇ ಬಿಳಿ ಎರಡರಲ್ಲೇ ಉಳಿದಿತ್ತು. ಹೆಂಗಸರ ನಾಟಕವಾದರೂ ರಾಜಪಾರ್ಟಿಗೆ ಒಬ್ಬ ಗಂಡಸನ್ನು ಕರೆಸುತ್ತಿದ್ದರು, ಹಾಡು ಕಷ್ಟ ಅಂತ. ಅವನೊಬ್ಬ ಬಂದರೆ ಉಳಿದವರೆಲ್ಲ ಅವನ ಶ್ರುತಿಗೆ ಇಳಿಯಬೇಕು.

ಕೊಳಾಲದ ಗಂಗರತ್ನಮ್ಮ ತಮ್ಮ ಸಂಘದ ಹೆಂಗಸರನ್ನು ಕಟ್ಟಿಕೊಂಡು ಬಂದು ನಿನ್ನನ್ನೇ ರಾಜಪಾರ್ಟಿಗೆ ಕೇಳಿದ ದಿನ ನೀನು ಚಹಾ ಸೋಸುತ್ತಿದ್ದೆ. ಲೋಟ ತುಂಬಿ ಹರಿದರೂ ಸೋಸುತ್ತಲೇ ಇದ್ದೆ. "ಮಾಡ್ತೀನಿ. ಆದ್ರೆ ಪ್ರಾರ್ಥನೆಯಿಂದ ಮಂಗಳದವರೆಗೂ ಬಿಳಿ ಐದು. ಒಂದು ಹಾಡೂ ಇಳಿಸಂಗಿಲ್ಲ" ಅಂದೆ. ನರಸಿಂಹಪ್ಪ ಮೇಷ್ಟ್ರು ಹಾರ್ಮೋನಿಯಂ ಹಿಡಿಯಲು ಒಪ್ಪಿದರೂ ಗೊಣಗುತ್ತಿದ್ದರು, "ಅಯ್ಯೋ ದೇವುಡಾ, ನನ್ನ ಬೆರಳು ಕಣ್ಣು ಮುಚ್ಚಿದ್ರೂ ಎರಡಕ್ಕೇ ಹೋಗ್ತವಮ್ಮಾ." ನೀನು ಅವರ ಎರಡನೇ ಬಿಳಿ ಮನೆಯ ಮೇಲೆ ಒಂದು ಕುಂಕುಮದ ಬೊಟ್ಟಿಟ್ಟೆ. "ಇಲ್ಲಿ ದೇವ್ರು ಕೂತವ್ನೆ, ಮುಟ್ಟಬ್ಯಾಡಿ" ಅಂದೆ. ನಿನ್ನ ತಲೆಗೆ, ನಿನ್ನ ದಪ್ಪ ತುರುಬಿಗೆ ಅಂತಲೇ ಬಾಬಾಜಾನ್ ಸಾಬರಿಂದ ಹೊಸ ಕಿರೀಟ ಬಂತು. ನೀನು ಅದನ್ನು ಒಂದೇ ಸಲ ಹಾಕಿಕೊಂಡದ್ದು. ಮಾಳಿಗೆಯ ಮೇಲೆ. ನನಗೆ ತೋರಿಸಲಿಕ್ಕೆ.

ಆ ಬೆಳಗ್ಗೆ ನೀನು ಅಂಗಳದಲ್ಲಿ ಕೂತು ಮಣಿ ಪೋಣಿಸುತ್ತಿದ್ದೆ. "ಯಾಕೋ ಎದೆ ಹಿಡಕೊಂಡಂಗಾಗ್ತದೆ ಪಾರಿ, ಸ್ವಲ್ಪ ನೀರು ಕೊಡು" ಅಂದೆ. ನೀರು ಕುಡಿದು, ಸೂಜಿಯನ್ನು ಜೋಪಾನವಾಗಿ ಬಟ್ಟೆಗೆ ಚುಚ್ಚಿಟ್ಟು, ಆಟೋ ಹತ್ತಿದೆ. ಆಸ್ಪತ್ರೆಯ ಬಾಗಿಲವರೆಗೂ ನನ್ನ ಕೈ ಹಿಡಿದಿದ್ದೆ. ಆಮೇಲೆ… ಅದನ್ನು ಬರೆಯುವುದು ಬೇಡ. ನಿನ್ನನ್ನು ಹಟ್ಟಿಯ ಹೊಲದಲ್ಲಿ ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಮಾವಂದಿರು ಜಾಗ ಕೊಟ್ಟರು. ಕಂಬಳಿಯನ್ನೂ ಕಿರೀಟವನ್ನೂ ನಾನು ಮನೆಯಲ್ಲೇ ಇಟ್ಟುಕೊಂಡೆ. ಮಣಿಯ ಸೂಜಿ ಈಗಲೂ ನೀನು ಚುಚ್ಚಿಟ್ಟ ಜಾಗದಲ್ಲೇ ಇದೆ.

ತಿಥಿ ಮುಗಿದ ವಾರಕ್ಕೆ ಗಂಗರತ್ನಮ್ಮ, ಅವರ ಭಾವ ಸಿದ್ದಲಿಂಗಣ್ಣ, ಮೇಷ್ಟ್ರು ಮೂವರೂ ನಮ್ಮ ಮನೆಗೆ ಬಂದರು. ಸಿದ್ದಲಿಂಗಣ್ಣ ಒಳ್ಳೆಯ ಹಾಡುಗಾರ, ಒಳ್ಳೆಯ ಮನುಷ್ಯನೂ ಹೌದು. "ಹೆಂಗಸ್ರು ಇಷ್ಟು ದಿನ ಪ್ರಾಕ್ಟೀಸ್ ಮಾಡವ್ರೆ, ಅರ್ಧಕ್ಕೆ ಬುಟ್ಬುಟ್ರೆ ಊರೋರು ಆಡ್ಕೊಳ್ತಾರೆ. ರಾಜಪಾರ್ಟು ನಾನು ಮಾಡ್ಕೊಡ್ತೀನಿ. ಒಬ್ಬ ಗಂಡಸಿದ್ರೆ ಏನಾಗ್ತದೆ?" ಅಂದ.

"ಏನೂ ಆಗಲ್ಲಪ್ಪಾ" ಅಂದರು ಮೇಷ್ಟ್ರು. "ಶ್ರುತಿ ನಿಂದಕ್ಕೆ ಇಳೀಬೇಕು, ಅಷ್ಟೇ. ಬಿಳಿ ಐದರಾಗೆ ಹಾಡಿದ್ರೆ ನಿನ್ ಗೊಂತು ಚಿರಿಗಿಪೋತುಂದಿ" ಅಂತ ಗಂಟಲು ಹಿಡಿದು ಹರಿದು ಹೋಗುವಂತೆ ತೋರಿಸಿದರು.

"ಒಬ್ರಿಗೋಸ್ಕರ ನಾವೆಲ್ಲಾ ಇಳೀಬೇಕಾ?" ಅಂದರು ಗಂಗರತ್ನಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಹೇಳಮ್ಮ ಪಾರಿ, ಏನ್ಮಾಡನ? ಅಷ್ಟುದ್ದ ಪಾರ್ಟು ನಮ್ಮಲ್ಲಿ ಒಬ್ಬರ ಕೈಲೂ ಆಗಲ್ಲ."

ನಿನಗೆ ಗೊತ್ತಲ್ಲ, ನಾಲ್ಕು ಜನ ಇದ್ದ ಕಡೆ ನನಗೆ ಬಾಯಿ ಏಳುವುದಿಲ್ಲ. ಮಾತಾಡುವುದೆಲ್ಲ ನಿನ್ನ ಕೆಲಸವಾಗಿತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ನಾನು ನಿನ್ನ ಕಿರೀಟವನ್ನು ನೋಡುತ್ತಿದ್ದೆ. ಆಗ ಎಷ್ಟೋ ಊರುಗಳ ಪಾಂಪ್ಲೆಟ್ಟು ನೆನಪಾಯಿತು. ಗಂಡಸರ ನಾಟಕದಲ್ಲಿ ಒಂದೇ ಪಾರ್ಟಿಗೆ ಮೂರು ಜನ ಆಸೆಪಟ್ಟರೆ 'ಒಂದನೇ ರಾಜ, ಎರಡನೇ ರಾಜ, ಮೂರನೇ ರಾಜ' ಅಂತ ಹಾಕಿ, ಸೀನು ಹಂಚಿಕೊಳ್ಳುತ್ತಾರಲ್ಲ? ನಮ್ಮ ಕಡೆ ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. "ಗಂಡಸರು ಆಸೆ ಹೆಚ್ಚಾಗಿ ಹಂಚ್ಕೊಳ್ತಾರೆ" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ನಾವು ಧೈರ್ಯ ಕಮ್ಮಿಯಾಗಿ ಹಂಚ್ಕೊಳ್ಳನ. ರಾಜನ ಹಾಡು ಕೇಳಿ ಕೇಳಿ ನಿಮಗೆಲ್ಲ ಬರ್ತದೆ. ರಾಜ ಬರೋದು ಐದು ಸೀನು. ಯಾರ ಪಾರ್ಟು ಯಾವ ಸೀನಾಗೆ ಇಲ್ವೋ, ಅವರು ಆ ಸೀನಾಗೆ ರಾಜ ಆಗಲಿ."

ಮೇಷ್ಟ್ರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಸಿದ್ದಲಿಂಗಣ್ಣ, "ಐದು ಜನ ರಾಜ! ಊರಾಗೆ ಒಬ್ಬ ಛೇರ್ಮನ್ನನ್ನೇ ತಡ್ಕೊಳಕಾಗ್ತಿಲ್ಲ" ಅಂತ ನಕ್ಕ. ನಕ್ಕರೂ ಎದ್ದು ಹೋಗಲಿಲ್ಲ. ಯಾವ ಸೀನಿಗೆ ಯಾರು ಅಂತ ಹಂಚಲು ಅವನೇ ಕೂತು ಸಹಾಯ ಮಾಡಿದ.

ಆದರೆ ಐದು ಜನ ಬಂದರೂ ರಾಜ ಒಬ್ಬನೇ ಅಂತ ನೋಡುವವರಿಗೆ ತಿಳಿಯಬೇಕಾದರೆ ಕಿರೀಟ ಒಂದೇ ಇರಬೇಕು. ಎಲ್ಲರೂ ನಿನ್ನದನ್ನೇ ಕೇಳಿದರು. ಟ್ರಯಲ್ ದಿನ ಕೊಳಾಲಕ್ಕೆ ಹೋಗಿ ಹಾಕಿ ನೋಡಿದೆ. ಗಂಗರತ್ನಮ್ಮನ ತಲೆಯಲ್ಲಿ ಅದು ಮೂಗಿನವರೆಗೆ ಇಳಿಯಿತು. ಅವರ ತಂಡದ ಕಾಲೇಜಿನ ಹುಡುಗಿಯದು ಜುಟ್ಟು, ಅದು ಒಂದು ಕಡೆಗೆ ವಾಲಿತು. ಇನ್ನೊಬ್ಬ ರಾಜ, ಯಶೋದಮ್ಮ, ಬೆಟ್ಟಕ್ಕೆ ಮುಡಿ ಕೊಟ್ಟು ಬಂದಿದ್ದಳು, ಅವಳ ಮೋಟು ಕೂದಲಿನ ಮೇಲೆ ಕಿರೀಟ ಗಿರಗಿರ ತಿರುಗಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನನಗೆ ಮಾತ್ರ ಹುಲಿಕುಂಟೆಯ ಆ ಹೆಂಗಸಿನ ಕರಗಿದ ಮೀಸೆ ಕಣ್ಣ ಮುಂದೆ ಬಂತು. ನಿನ್ನ ಕಿರೀಟವೇ ಹಾಗೆ ಉರುಳಿದರೆ…

ಆಗ ಗಂಗರತ್ನಮ್ಮನ ಸೊಸೆ ನಲ್ಲಿಯಿಂದ ಬಂದಳು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ತುಂಬಿದ ಬಿಂದಿಗೆ. ಎರಡೂ ಕೈ ಬಿಟ್ಟು, ಹಿಂದೆ ತಿರುಗಿ ಯಾರಿಗೋ ಬೈಯುತ್ತಾ, ಎಮ್ಮೆಯನ್ನು ಪಕ್ಕಕ್ಕೆ ಒತ್ತರಿಸಿ ಒಳಗೆ ಹೋದಳು. ಒಂದು ಹನಿ ಚೆಲ್ಲಲಿಲ್ಲ. ಅವಳ ತಲೆ ದೊಡ್ಡದೋ ಚಿಕ್ಕದೋ ಅಂತ ಬಿಂದಿಗೆ ಕೇಳಿತೇನು? ನಾವು ಕಿರೀಟಕ್ಕೆ ಮಡಕೆಯ ಅಳತೆ ಹುಡುಕಿದ್ದೆವು ಚಿಕ್ಕವ್ವ, ಮಡಕೆ ಹೊರುವವರ ಸಿಂಬೆಯನ್ನು ನೋಡಿರಲಿಲ್ಲ.

ಮನೆಗೆ ಬಂದು ಬಟ್ಟೆಯ ಸಿಂಬೆ ಮಾಡಿದೆ, ಜಾರಿತು. ಸ್ಪಂಜು ಇಟ್ಟೆ, ಅದೂ ಜಾರಿತು. ಕೂದಲನ್ನು ಕಚ್ಚಿ ಹಿಡಿಯುವಂಥದ್ದು ಬೇಕಿತ್ತು. ಏನು ಅಂತ ನನಗೆ ಮೊದಲೇ ಗೊತ್ತಿತ್ತು, ಕೈ ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಕಂಬಳಿಯನ್ನು ಬಿಸಿಲಿಗೆ ಒಣಗಿಸಿ, ಮೂಲೆಯಲ್ಲಿ ಕತ್ತರಿ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಅಜ್ಜಿ ನಿನಗೆ ಹೊದಿಸಿದ್ದು, ನೀನು ನನಗೆ ಹೊದಿಸಿದ್ದು. ಒಂದು ಪಟ್ಟಿ ಕತ್ತರಿಸಿ, ಸುತ್ತಿ, ಕಿರೀಟದ ಒಳಗೆ ಸಿಂಬೆಯ ಹಾಗೆ ಕೂರಿಸಿ ಹೊಲಿದೆ. ಸತ್ತವರ ಕಂಬಳಿ ಅಂತ ಯಾರಾದರೂ ಹಿಂಜರಿಯಬಹುದು ಅಂತ ಅವರಿಗೆ ಮುಂಚೆಯೇ ಹೇಳಿದೆ. ಗಂಗರತ್ನಮ್ಮ ಕಿರೀಟವನ್ನು ಕೈಯಲ್ಲಿ ಹಿಡಿದು ಒಳಗೆ ಮೂಸಿ ನೋಡಿ, "ಅಕ್ಕನ ತಲೆ ಎಣ್ಣೆ ವಾಸ್ನೆ ಇನ್ನೂ ಅಯ್ತೆ" ಅಂತ ಮೊದಲು ತಾವೇ ಹಾಕಿಕೊಂಡರು. ಯಶೋದಮ್ಮ ಮಾತ್ರ ಕೂಗಿದಳು, "ಅಯ್ಯೋ ಚುಚ್ತದೆ ಕಣಕ್ಕಾ!"

"ಚುಚ್ಲಿ ಬುಡು" ಅಂದರು ಗಂಗರತ್ನಮ್ಮ. "ನಿನ್ ಸೀನಾಗೆ ರಾಜಂಗೆ ಸಿಟ್ಟು ಬರಬೇಕು."

ನಾಟಕ ಬೆಳಗ್ಗೆಯೇ ಇಟ್ಟುಕೊಂಡಿದ್ದರು. ಸಂಜೆ ಡೈರಿಗೆ ಹಾಲು ಹಾಕುವಷ್ಟರಲ್ಲಿ ಮುಗಿಯಬೇಕು ಅನ್ನುವುದು ಅವರ ಲೆಕ್ಕ. ಶಾಮಿಯಾನದ ಕೆಳಗೆ ಕೊಳಾಲ ಪೂರ್ತಿ ಇತ್ತು, ಸುತ್ತಲಿನ ಹಳ್ಳಿಗಳಿಂದಲೂ ಹೆಂಗಸರು ಬಂದಿದ್ದರು. ಮೀಸೆ ಬರೆದುಕೊಂಡವರು, ಗಡ್ಡ ಅಂಟಿಸಿಕೊಂಡವರು ಎಲ್ಲರೂ ಪ್ರಾರ್ಥನೆಗೆ ಸಾಲಾಗಿ ನಿಂತರು. ಮೇಷ್ಟ್ರು ಕಣ್ಣು ಮುಚ್ಚಿ ದೇವರನ್ನು ನೆನೆದು ಶ್ರುತಿ ಹಿಡಿದರು. ಚಿಕ್ಕವ್ವಾ, ಅದು ಬಿಳಿ ಎರಡು.

ಕುಂಕುಮ ಅಳಿಸಿಹೋಗಿತ್ತೋ, ಗಾಬರಿಯೋ. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಒಮ್ಮೆ ಆ ಶ್ರುತಿಯಲ್ಲಿ ಬಾಯಿ ತೆರೆದರೆ ಸಂಜೆಯವರೆಗೂ ಅದೇ. ಯಾರೂ ಬಾಯಿ ತೆರೆಯಲಿಲ್ಲ. ಮೇಷ್ಟ್ರು ತಿದಿಯನ್ನು ಜೋರಾಗಿ ಒತ್ತಿ, "ಹಾಡ್ರಮ್ಮಾ!" ಅಂದರು. ಸಾಲು ಹಾಗೇ ನಿಂತಿತ್ತು. ಜನ ಗುಸುಗುಸು ಶುರುಮಾಡಿದರು. "ಮರ್ತೋದ್ರು ಕಣ್ಲಾ" ಅಂತ ಯಾರೋ ಅಂದರು. ನಾನು ಓಡಿಹೋಗಿ ಮೇಷ್ಟ್ರಿಗೆ ಹೇಳಲೇ ಅನ್ನುವಷ್ಟರಲ್ಲಿ ಗಂಗರತ್ನಮ್ಮ ನಿನ್ನ ಕಿರೀಟ ಹಾಕಿಕೊಂಡ ತಲೆಯನ್ನು ಮೆಲ್ಲಗೆ ಅವರ ಕಡೆ ತಿರುಗಿಸಿ, ಮೈಕಿನಲ್ಲೇ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದರು.

"ಮೇಷ್ಟ್ರೇ, ನಾವು ಕಾಯ್ತೀವಿ. ಐದಕ್ಕೆ ಬನ್ನಿ."

ಮೇಷ್ಟ್ರು ಕಣ್ಣು ಬಿಟ್ಟು ಬೆರಳು ನೋಡಿಕೊಂಡರು. "ಅಯ್ಯಯ್ಯೋ, ಕ್ಷಮಿಸು ತಲ್ಲೀ" ಅಂದರು. ಅದನ್ನು ಅವರು ಗಂಗರತ್ನಮ್ಮನಿಗೆ ಹೇಳಲಿಲ್ಲ, ಶಾಮಿಯಾನದ ಮೇಲೆ ಎಲ್ಲೋ ನೋಡುತ್ತಾ ಹೇಳಿದರು. ಬೆರಳು ಸರಿಯಿತು. ಆಮೇಲೆ ಅಷ್ಟೂ ಹೆಂಗಸರ ದನಿ ಒಟ್ಟಿಗೆ ಎದ್ದಿತು ನೋಡು. ನಮ್ಮ ಮಾಳಿಗೆಯ ಮೇಲಿನ ದನಿ. ಕಿರುಚಾಟ ಇಲ್ಲ, ಬಾಯೊಳಗೆ ಉಳಿದದ್ದು ಇಲ್ಲ. ನಾನು ಪರದೆಯ ಹಗ್ಗ ಹಿಡಿದುಕೊಂಡು ನಿಂತೆ. ಅತ್ತೆನಾ ಅಂತ ಕೇಳಬೇಡ.

ಒಂದೊಂದು ಸೀನು ಮುಗಿದಾಗಲೂ ಒಬ್ಬ ರಾಜ ಓಡಿಬಂದು ನನ್ನ ಮುಂದೆ ತಲೆ ಬಾಗಿಸುತ್ತಿದ್ದಳು. ನಾನು ಕಿರೀಟ ತೆಗೆದು ಇನ್ನೊಬ್ಬಳ ತಲೆಗೆ ಇಡುತ್ತಿದ್ದೆ. ಒಳಗಿನ ಉಣ್ಣೆ ಹಿಂದಿನವಳ ತಲೆಯಿಂದ ಬೆಚ್ಚಗಿರುತ್ತಿತ್ತು. ಯಶೋದಮ್ಮ ಆ ಸಿಟ್ಟಿನ ಸೀನಿನಲ್ಲಿ ಗದೆ ಹಿಡಿದು ಮೂರು ಸುತ್ತು ತಿರುಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ಚಪ್ಪಾಳೆ ಕೇಳಿ ಬಿಟ್ಟು ನೋಡಿದರೆ ಕಿರೀಟ ಇದ್ದಲ್ಲೇ ಇತ್ತು. ಸಾಯಂಕಾಲ ಮಂಗಳ ಹಾಡುವ ಹೊತ್ತಿಗೆ ಅರ್ಧ ಜನ ಹಾಲಿನ ಕ್ಯಾನು ಹಿಡಿದು ನಿಂತೇ ನೋಡುತ್ತಿದ್ದರು. ಸಿದ್ದಲಿಂಗಣ್ಣ ಹಿಂದೆ ಬಂದು, "ಆ ಶ್ರುತೀಲಿ ನನ್ನ ಕೈಲಿ ಆಗ್ತಿರಲಿಲ್ಲ ಬುಡಮ್ಮಾ" ಅಂದ. ಹೆಂಗಸರು ಬಣ್ಣ ತೊಳೆಯುವ ಮೊದಲೇ ಎಮ್ಮೆ ಕರೆಯಲು ಓಡಿದರು. ಮೀಸೆ ಹೊತ್ತುಕೊಂಡೇ.

ಈಗ ಇಷ್ಟು ಬರೆದು ಟ್ರಂಕು ತೆಗೆದೆ. ಕಿರೀಟ ಮೇಲೆಯೇ ಇತ್ತು. ಒಳಗೆ ಕೈ ಹಾಕಿದರೆ ಸಿಂಬೆಗೆ ಉದ್ದ ಕೂದಲು ಸಿಕ್ಕಿಕೊಂಡಿದೆ, ಮೋಟು ಕೂದಲಿದೆ, ಒಂದು ಹೇರ್‌ಪಿನ್ನು, ಬಾಡಿದ ಕನಕಾಂಬರದ ಎಸಳು. ಒಂದು ಬಿಳಿ ಕೂದಲೂ ಇದೆ. ಗಂಗರತ್ನಮ್ಮನದೋ, ಮೊದಲಿಂದಲೂ ಕಂಬಳಿಯಲ್ಲೇ ಇದ್ದ ನಿನ್ನದೋ ನನಗೆ ತಿಳಿಯಲಿಲ್ಲ. ಬ್ರಷ್ಷು ತೆಗೆದುಕೊಂಡವಳು ಹಾಗೇ ಇಟ್ಟುಬಿಟ್ಟೆ.

ಇನ್ನೊಂದು ವಿಷಯ. ಮೊನ್ನೆ ನಾನು ನಾಟಕಕ್ಕೆ ಅಂತ ಕೊಳಾಲಕ್ಕೆ ಹೊರಡುವ ಹಿಂದಿನ ದಿನ ಬಾಗಿಲಲ್ಲಿ ನಾಲ್ಕು ಜನ ಹೆಂಗಸರು ನಿಂತಿದ್ದರು. ಮುಂದೆ ನಿಂತವಳು ದೊಡ್ಡ ಮಾವನ ಸೊಸೆ. ನಮ್ಮ ಹಟ್ಟಿಯವರು, ಚಿಕ್ಕವ್ವ. ಒಳಗೆ ಬನ್ನಿ ಅಂದರೆ, "ನೀವು ಕರೀತೀರೋ ಇಲ್ವೋ ಅಂತ ಬಸ್ಸಾಗೆಲ್ಲ ಅದೇ ಮಾತು" ಅಂದಳು. ಅವರೂ ನಾಟಕ ಕಟ್ಟುತ್ತಾರಂತೆ. ಮಾವಂದಿರಿಗೆ ಹೇಳಿದ್ದೀರಾ ಅಂತ ಕೇಳಿದೆ. "ಹೇಳೀವಿ. ಬೇಲಿ ಕಿತ್ತು ಸ್ಟೇಜಿಗೆ ಜಾಗ ಮಾಡ್ತಾವ್ರೆ, ಬೈಕೊಂಡೇ ಮಾಡ್ತಾವ್ರೆ." ಅವಳು ನಿನ್ನ ಕಿರೀಟವನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು. ಆಮೇಲೆ, ಕೇಳಬಹುದೋ ಇಲ್ಲವೋ ಅನ್ನುವ ಹಾಗೆ ಕೇಳಿದಳು. "ನಮ್ಮೋಳು ಅದ್ಯಾವುದೋ ಶ್ರುತೀಲಿ ಹಾಡ್ತಿದ್ಲಂತಲ್ಲ. ಅದು ಯಾವ್ದು?"

ನಮ್ಮೋಳು ಅಂದಳು, ಚಿಕ್ಕವ್ವ.

ಕಿರೀಟ ತೆಗೆದುಕೊಂಡು ಹಟ್ಟಿಗೆ ನಾನೇ ಹೋಗುತ್ತೇನೆ. ಕಂಬಳಿಯಲ್ಲಿ ಇನ್ನೂ ಬೇಕಾದಷ್ಟು ಉಳಿದಿದೆ, ಅದನ್ನೂ ತರುತ್ತೇನೆ. ನೀನು ಮಲಗಿರುವ ಹೊಲದಿಂದ ಸ್ಟೇಜು ದೂರವಿಲ್ಲ, ದನಿ ಕೇಳಿಸುತ್ತದೆ. ಮಾವನ ಸೊಸೆ ಶ್ರುತಿ ಯಾವುದು ಅಂತ ಕೇಳಿದ ದಿನವೇ ನಾನು ಹಾರ್ಮೋನಿಯಂ ಮುಚ್ಚಳ ತೆಗೆದು, ಐದನೇ ಬಿಳಿ ಮನೆಯ ಮೇಲೆ ಅವಳದೇ ಬೆರಳಿಟ್ಟು ಒತ್ತಿಸಿದೆ.

ನಿನ್ನ
ಪಾರಿ